ಊರು ಬಿಡುವ ಮನಸ್ಸು

ಧರ್ಮಕೇಂದ್ರದ ಕಚೇರಿಗಳಲ್ಲಿ ಸಾಮಾನ್ಯವಾಗಿ ಒಂದು ಹಳೆಯ ಬೀರು ಇರುತ್ತದೆ. ಅದರೊಳಗೆ ದಪ್ಪ ರಟ್ಟಿನ ದೀಕ್ಷಾಸ್ನಾನದ ದಾಖಲೆ ಪುಸ್ತಕಗಳು. ಮಗುವಿನ ಹೆಸರು, ಹುಟ್ಟಿದ ದಿನ, ತಂದೆತಾಯಿಯರ ಹೆಸರು, ಊರು, ಎಲ್ಲಕ್ಕೂ ಕೊನೆಯಲ್ಲಿ ‘ಷರಾ’ ಎಂಬ ಒಂದು ಕಿರಿದಾದ ಅಂಕಣ. ದೀಕ್ಷಾಸ್ನಾನ ಪಡೆದವರು ಮುಂದೆ ಬೇರೆ ಊರಿನಲ್ಲಿ ಮದುವೆಯಾದರೆ ಆ ಊರಿನ ಗುರುಗಳು ಪತ್ರ ಬರೆದು ತಿಳಿಸಬೇಕು. ನಾವು ಅದನ್ನು ಆ ಅಂಕಣದಲ್ಲಿ ಬರೆದಿಡಬೇಕು. ಇದು ಧರ್ಮಸಭೆಯ ನಿಯಮ. ಹಳೆಯ ಪುಟಗಳ ಷರಾ ಅಂಕಣದಲ್ಲಿ ಕಾಣುವುದು ಹತ್ತಿಪ್ಪತ್ತು ಮೈಲಿ ಆಚೀಚಿನ ಹಳ್ಳಿಗಳ ಹೆಸರು. ಅನಂತರದ ಪುಟಗಳಲ್ಲಿ ಕೊಡಗಿನ ಊರುಗಳು ಬರುತ್ತವೆ, ಮೈಸೂರು ಬರುತ್ತದೆ. ಇತ್ತೀಚಿನ ಪುಟಗಳಲ್ಲಿ ಬೆಂಗಳೂರಿನ ಬಡಾವಣೆಗಳು, ಅಪರೂಪಕ್ಕೊಮ್ಮೆ ಕಡಲಾಚೆಯ ನಗರಗಳು. ಬೆರಳಗಲದ ಆ ಅಂಕಣದಲ್ಲಿ ಒಂದು ಸೀಮೆಯ ವಲಸೆಯ ಚರಿತ್ರೆಯೇ ಅಡಗಿದೆ.

ಕೆಲವು ತಿಂಗಳ ಹಿಂದೆ ಒಬ್ಬ ತಾಯಿ ತಮ್ಮ ಮಗನ ದೀಕ್ಷಾಸ್ನಾನದ ಪ್ರಮಾಣಪತ್ರಕ್ಕಾಗಿ ಬಂದರು. ಬರೆದುಕೊಟ್ಟೆ. ಅವರು ಏಳಲಿಲ್ಲ.

“ಸ್ವಾಮಿ, ಅವ್ನು ಬೆಂಗಳೂರಿಗೆ ಹೋಗ್ತೀನಿ ಅಂತಾವ್ನೆ. ನೀವಾದ್ರೂ ಅವ್ನಿಗೆ ಒಂದ್ ಮಾತು ಹೇಳಿ.”

“ಹೋಗಬೇಡ ಅಂತ ಹೇಳಬೇಕೇನಮ್ಮ?”

“ಅದೇ ಗೊತ್ತಾಗ್ತಿಲ್ಲ ಸ್ವಾಮಿ. ಹೋದ್ರೆ ಮನೇಲಿ ನಾವಿಬ್ರೇ ಮುದುಕ್ರು. ಹೋಗ್ದಿದ್ರೆ ಅವ್ನಿಗೆ ಹೆಣ್ಣು ಯಾರು ಕೊಡ್ತಾರೆ?”

ಅಂದು ನನ್ನಿಂದ ಸರಿಯಾದ ಉತ್ತರ ಬರಲಿಲ್ಲ. ಊರು ಬಿಡುವ ಮನಸ್ಸು ಹುಟ್ಟುವುದಾದರೂ ಎಲ್ಲಿಂದ? ಬಡತನದಿಂದ ಎಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಆದರೆ ಅತಿ ಬಡವರು ಊರಿನಲ್ಲೇ ಉಳಿದು, ಅನುಕೂಲಸ್ಥರ ಮಕ್ಕಳು ಮೊದಲು ಹೊರಟದ್ದನ್ನೂ ನಾವು ಕಂಡಿದ್ದೇವಲ್ಲವೇ? ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳ ಚರಿತ್ರೆಯನ್ನು ಹಿಡಿದು ಈ ಪ್ರಶ್ನೆಯನ್ನು ಕೇಳಿ ನೋಡುವುದು ಈ ಬರಹದ ಉದ್ದೇಶ. (ಇತ್ತೀಚೆಗೆ ಸಾಲಿಗ್ರಾಮ ಮತ್ತು ಸರಗೂರು ಪ್ರತ್ಯೇಕ ತಾಲ್ಲೂಕುಗಳಾಗಿವೆ; ಇಲ್ಲಿ ಹಳೆಯ ಗಡಿಗಳನ್ನೇ ಇಟ್ಟುಕೊಂಡಿದ್ದೇನೆ.)

ಗಡಿಯ ಸೀಮೆ

ಮೈಸೂರು ಮತ್ತು ಕೊಡಗುಗಳ ನಡುವಿನ ಗಡಿಯಾಗಿದ್ದ ಈ ಸೀಮೆ ನೆಮ್ಮದಿಯಾಗಿ ಕೂತದ್ದು ಕಡಿಮೆ. ಟಿಪ್ಪು ಸುಲ್ತಾನರ ಕಾಲದ ಯುದ್ಧಗಳಲ್ಲಿ ಪಿರಿಯಾಪಟ್ಟಣದ ದಾರಿಯಾಗಿಯೇ ಸೈನ್ಯಗಳು ಹಾದುಹೋದವು. 1791ರಲ್ಲಿ ಕೊಡಗಿನ ಕಡೆಯಿಂದ ಇಳಿದುಬಂದ ಜನರಲ್ ಅಬರ್‌ಕ್ರಾಂಬಿಯ ಪಡೆಯೂ ಇಲ್ಲಿಗೇ ಬಂದಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, 1800–01ರಲ್ಲಿ ಕಂಪನಿ ಸರ್ಕಾರದ ಆದೇಶದಂತೆ ಫ್ರಾನ್ಸಿಸ್ ಬುಕಾನನ್ ಈ ನಾಡನ್ನೆಲ್ಲ ಸುತ್ತಿದರು. ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಿಗೂ ಬಂದರು. ಯುದ್ಧಗಳಿಂದ ನಲುಗಿ ಜನ ಚದುರಿಹೋದ ಊರುಗಳ ಚಿತ್ರ ಅವರ ಪ್ರವಾಸ ಕಥನದಲ್ಲಿ ಸಿಗುತ್ತದೆ. ಆಗಿನ ಜನರಿಗೆ ಊರು ಬಿಡುವುದು ಆಸೆಯ ಮಾತಾಗಿರಲಿಲ್ಲ; ಪ್ರಾಣ ಉಳಿಸಿಕೊಳ್ಳುವ ಉಪಾಯವಾಗಿತ್ತು. ಅದೇ ಕಾಲದಲ್ಲಿ ಮೈಸೂರು ಸೀಮೆಗೆ ಬಂದ ಅಬ್ಬೆ ದುಬೊಯಿ ಎಂಬ ಫ್ರೆಂಚ್ ಗುರುಗಳು ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಮತ್ತೆ ನೆಲಕ್ಕೆ ಕಟ್ಟಲು ಹಾಸನದ ಕಡೆ ಒಕ್ಕಲುತನದ ನೆಲೆಯೊಂದನ್ನು ಸ್ಥಾಪಿಸಿದ್ದು ನಮ್ಮ ಧರ್ಮಸಭೆಯ ಚರಿತ್ರೆಯಲ್ಲಿ ದಾಖಲಾಗಿದೆ. ಚದುರಿದವರು ಒಂದೆಡೆ ನಿಲ್ಲಬೇಕಾದರೆ ಉಳಲು ಭೂಮಿ ಬೇಕು ಎಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು.

ಶಾಂತಿ ನೆಲೆಸಿದ ಮೇಲೆ ಹುಣಸೂರು ಬೆಳೆಯಿತು. ಕಂಪನಿಯ ಸೈನ್ಯಕ್ಕೆ ಬೇಕಾದ ಅಮೃತಮಹಲ್ ಎತ್ತುಗಳ ಠಾಣೆ, ಚರ್ಮ ಹದಮಾಡುವ ಕೆಲಸ, ಕಂಬಳಿ ಮತ್ತು ಗಾಡಿಗಳ ತಯಾರಿಕೆ ಅಲ್ಲಿ ನಡೆಯುತ್ತಿತ್ತು. ಸೈನ್ಯದ ಕೆಲಸ ನಿಂತಾಗ ಆ ಕೈಕೆಲಸದವರ ದುಡಿಮೆಯೂ ಹೋಯಿತು. ಅಷ್ಟರಲ್ಲಿ ಇನ್ನೊಂದು ಬಾಗಿಲು ತೆರೆದಿತ್ತು. 1834ರಲ್ಲಿ ಕೊಡಗು ಬ್ರಿಟಿಷರ ವಶವಾಗಿ, 1854ರ ಸುಮಾರಿಗೆ ಮಡಿಕೇರಿಯ ಬಳಿ ಯುರೋಪಿಯನ್ನರ ಮೊದಲ ಕಾಫಿ ತೋಟ ಆರಂಭವಾಯಿತು. ತೋಟಗಳಿಗೆ ಆಳು ಬೇಕಾಯಿತು. ಗಡಿಯ ಈಚೆಗಿದ್ದ ನಮ್ಮ ತಾಲ್ಲೂಕುಗಳ ಬಯಲು ಹೊಲಗಳಲ್ಲಿ ರಾಗಿ ಕೊಯ್ಲು ಮುಗಿದು ಕಣ ಬರಿದಾಗುವ ಹೊತ್ತಿಗೆ ಕೊಡಗಿನಲ್ಲಿ ಕಾಫಿ ಕೊಯ್ಲು ನಡೆಯುತ್ತಿರುತ್ತದೆ. ಈ ಎರಡು ಕೊಯ್ಲುಗಳ ಹೊಂದಾಣಿಕೆಯೇ ಒಂದು ದಾರಿಯನ್ನು ಮಾಡಿತು. ಮೇಸ್ತ್ರಿ ಬಂದು ಮುಂಗಡ ಕೊಡುವನು. ಕುಟುಂಬ ಗಂಟುಮೂಟೆ ಕಟ್ಟಿ ತೋಟದ ಲೈನ್ ಮನೆಗೆ ಹೋಗುವುದು. ಯುಗಾದಿಯ ಹೊತ್ತಿಗೆ ಮರಳುವುದು. ಮುಂಗಡ ತೀರದಿದ್ದರೆ ಮರಳುವುದೂ ಇಲ್ಲ. ತಂದೆ ನಡೆದ ದಾರಿಯಲ್ಲಿ ಮಗನಿಗೆ ಪರಿಚಿತರಿರುತ್ತಾರೆ. ಅಪರಿಚಿತ ದಾರಿಗಿಂತ ಪರಿಚಿತ ಕಷ್ಟವೇ ವಾಸಿ ಎನಿಸುತ್ತದೆ. ವಲಸೆಯ ಸಂಕಲ್ಪಕ್ಕೆ ಮೊದಲ ಅಚ್ಚು ಬೀಳುವುದು ಹೀಗೆ, ಹಿರಿಯರ ಹೆಜ್ಜೆಗುರುತಿನ ಮೇಲೆ.

ನೀರು ಕಟ್ಟಿಹಾಕಿದವರು

ನಾಲ್ಕು ತಾಲ್ಲೂಕುಗಳಲ್ಲಿ ಕೃಷ್ಣರಾಜನಗರದ ಮಾತೇ ಬೇರೆ. ಕಾವೇರಿಗೆ ಅಡ್ಡಲಾಗಿ ಚುಂಚನಕಟ್ಟೆಯಂತಹ ಹಳೆಯ ಕಟ್ಟೆಗಳಿದ್ದವು. ಅವುಗಳಿಂದ ಹೊರಟ ನಾಲೆಗಳು ಬತ್ತದ ಗದ್ದೆಗಳನ್ನು ತಣಿಸಿದವು. ತಾಲ್ಲೂಕಿನ ಹಳೆಯ ಕೇಂದ್ರ ಎಡತೊರೆ. 1924ರಲ್ಲಿ ಕಾವೇರಿಗೆ ಬಂದ ಮಹಾಪ್ರವಾಹದ ಅನಂತರ ಎತ್ತರದ ನೆಲದಲ್ಲಿ ಹೊಸ ಪಟ್ಟಣವನ್ನು ಕಟ್ಟಿ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ಒಂದು ಪಟ್ಟಣವೇ ಗಂಟುಮೂಟೆ ಕಟ್ಟಿ ಜಾಗ ಬದಲಿಸಿದರೂ ಜನ ನಾಲೆಯ ನೀರನ್ನು ಬಿಟ್ಟು ದೂರ ಹೋಗಲಿಲ್ಲ.

ನೀರಿಗೂ ವಲಸೆಗೂ ಇರುವ ಈ ನಂಟನ್ನು ನೆರೆಯ ಮಂಡ್ಯದಲ್ಲಿ ಆಳವಾಗಿ ಅಭ್ಯಾಸ ಮಾಡಿದವರು ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ. ವಿಯೆನ್ನಾದ ಯೆಹೂದ್ಯ ಮನೆತನದ ಈ ಮಹಿಳೆ ನಾತ್ಸಿಗಳ ಕಾಲದಲ್ಲಿ ತಾವೇ ದೇಶಬಿಟ್ಟು ಬಂದವರು. 1954ರಿಂದ 1956ರವರೆಗೆ ಮಂಡ್ಯದ ಬಳಿ ಎರಡು ಹಳ್ಳಿಗಳಲ್ಲಿ ಇದ್ದು, ಅವುಗಳಿಗೆ ವಾಂಗಳ, ದಲೇನ ಎಂಬ ಮರೆಹೆಸರು ಕೊಟ್ಟು 1962ರಲ್ಲಿ ಗ್ರಂಥ ಪ್ರಕಟಿಸಿದರು. ವಾಂಗಳಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂತು. ಅಲ್ಲಿನ ಜನ ಕಬ್ಬು ಬೆಳೆದರು, ಅನುಕೂಲವಂತರಾದರು, ಊರೊಳಗೇ ಉಳಿದರು. ಹಳೆಯ ಕಟ್ಟುಕಟ್ಟಳೆಗಳೂ ಹೆಚ್ಚು ಬದಲಾಗಲಿಲ್ಲ. ದಲೇನ ಎತ್ತರದಲ್ಲಿತ್ತು, ನಾಲೆಯ ನೀರು ಅದರ ಹೊಲಕ್ಕೆ ಹತ್ತಲಿಲ್ಲ. ಆದರೆ ಸುತ್ತಲಿನ ಸೀಮೆ ಹಸಿರಾದಾಗ ಅಲ್ಲಿನ ಜನ ಕೈಕಟ್ಟಿ ಕೂರಲಿಲ್ಲ. ಮಂಡ್ಯದಲ್ಲಿ ಕೆಲಸ ಹಿಡಿದರು, ವ್ಯಾಪಾರಕ್ಕೆ ಇಳಿದರು, ಹೊರಗಿನ ಜಗತ್ತಿನ ಜೊತೆ ನಂಟು ಬೆಳೆಸಿದರು. ಅವರ ಬದುಕಿನ ರೀತಿಯೇ ಬದಲಾಯಿತು.

ಇದರಿಂದ ನಾವು ಕಲಿಯಬೇಕಾದುದು ಸೂಕ್ಷ್ಮವಾದ ಪಾಠ. ದಲೇನದವರನ್ನು ಹೊರಗೆ ಕಳುಹಿಸಿದ್ದು ಒಣ ಹೊಲವೊಂದೇ ಅಲ್ಲ. ಒಣ ಹೊಲ ಅವರಿಗೆ ತಾತನ ಕಾಲದಿಂದ ಇತ್ತು. ಪಕ್ಕದ ಹಳ್ಳಿಯವರು ಮೇಲೇರುತ್ತಿರುವುದನ್ನು ದಿನವೂ ನೋಡುವುದು, ಕೈಗೆಟುಕುವ ದೂರದಲ್ಲಿ ಒಂದು ಪಟ್ಟಣವಿರುವುದು ಎಂಬ ಎರಡು ಸಂಗತಿಗಳು ಸೇರಿದಾಗ ಮನಸ್ಸು ಊರಿನ ಗಡಿ ದಾಟಿತು. ನಮ್ಮ ಕೃಷ್ಣರಾಜನಗರದ ನಾಲಾ ಬಯಲಿಗೂ ಹುಣಸೂರು, ಪಿರಿಯಾಪಟ್ಟಣಗಳ ಬಯಲು ಹೊಲಗಳಿಗೂ ನಡುವೆ ಇಂಥದೇ ಅಂತರ ಬಹುಕಾಲ ಇತ್ತು. ಹಾರಂಗಿ ಜಲಾಶಯದ ನಾಲೆಗಳು ಬಂದು ಈ ಅಂತರ ಸ್ವಲ್ಪ ಕಡಿಮೆಯಾಯಿತಾದರೂ, ಎರಡು ಮೂರು ತಲೆಮಾರು ಪಾಲಾದ ಮೇಲೆ ನೀರಾವರಿ ಗದ್ದೆಯೂ ಎಲ್ಲ ಅಣ್ಣತಮ್ಮಂದಿರನ್ನು ಸಾಕಲಾರದು.

ಮನಸ್ಸನ್ನೇ ಕೇಳದ ವಲಸೆ

ಹೆಗ್ಗಡದೇವನಕೋಟೆಯ ಕಥೆಯಲ್ಲಿ ನೀರು ಕಟ್ಟಿಹಾಕಲಿಲ್ಲ, ಎಬ್ಬಿಸಿ ಕಳುಹಿಸಿತು. 1974ರಲ್ಲಿ ಕಬಿನಿ ಅಣೆಕಟ್ಟು ಪೂರ್ಣವಾದಾಗ ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳು ಮುಳುಗಿದವು. ಪ್ರಾಚೀನ ಪುನ್ನಾಟ ಅರಸರ ರಾಜಧಾನಿ ಎಂದು ಇತಿಹಾಸಕಾರರು ಗುರುತಿಸುವ ಕಿತ್ತೂರು ಕೂಡ ಹಿನ್ನೀರಿನ ಪಾಲಾಯಿತು. ನೀರಿನ ಬಹುಪಾಲು ಹರಿದದ್ದು ಕೆಳಗಿನ ನಂಜನಗೂಡು, ತಿರುಮಕೂಡಲು ನರಸೀಪುರ, ಚಾಮರಾಜನಗರದ ಕಡೆಗೆ. ನೆಲ ಕೊಟ್ಟವರು ಒಂದು ತಾಲ್ಲೂಕಿನವರು, ನೀರುಂಡವರು ಇನ್ನೊಂದು ತಾಲ್ಲೂಕಿನವರು. ಹಾಸನದ ಕಡೆ ಹೇಮಾವತಿಯ ಹಿನ್ನೀರಿನಲ್ಲಿ ಮುಳುಗೇಳುವ ಶೆಟ್ಟಿಹಳ್ಳಿಯ ಚರ್ಚನ್ನು ಕಂಡ ನಮ್ಮ ಜನರಿಗೆ ಈ ನೋವನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ಕಾಡಿನ ಮಕ್ಕಳ ಮಾತು. ಮೈಸೂರು ಅರಸರ ಬೇಟೆಯ ಕಾಡಾಗಿದ್ದ ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಜೇನುಕುರುಬರು, ಬೆಟ್ಟಕುರುಬರು, ಯರವರು ಹಾಡಿಗಳನ್ನು ಬಿಟ್ಟು ಹೊರಬರಬೇಕಾಯಿತು. ಕೆಲವರು ಹುಣಸೂರು ತಾಲ್ಲೂಕಿನ ನಾಗಾಪುರದಂತಹ ಪುನರ್ವಸತಿ ನೆಲೆಗಳಿಗೆ ಬಂದರು. ಎಷ್ಟೋ ಮಂದಿ ಕಾಡಂಚಿನ ಗುಡಿಸಲುಗಳಿಗೂ ಕೊಡಗಿನ ತೋಟಗಳ ಲೈನ್ ಮನೆಗಳಿಗೂ ಸೇರಿದರು. ಉಚ್ಚ ನ್ಯಾಯಾಲಯ ನೇಮಿಸಿದ್ದ, ಪ್ರೊಫೆಸರ್ ಮುಜಫರ್ ಅಸ್ಸಾದಿ ಅವರ ಅಧ್ಯಕ್ಷತೆಯ ಸಮಿತಿ 2014ರಲ್ಲಿ ನೀಡಿದ ವರದಿಯಲ್ಲಿ ಒಕ್ಕಲೆಬ್ಬಿಸಲ್ಪಟ್ಟ 3,418 ಆದಿವಾಸಿ ಕುಟುಂಬಗಳನ್ನು ಗುರುತಿಸಿತು. 2006ರ ಅರಣ್ಯ ಹಕ್ಕು ಕಾಯಿದೆಯ ಹೆಸರು ಹೇಳಿ 2025ರ ಮೇ ತಿಂಗಳಲ್ಲಿ ಕೊಡಗಿನ ಭಾಗದ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಹಲವು ಜೇನುಕುರುಬ ಕುಟುಂಬಗಳು ಮರಳಿ ಹೋಗಿ ಗುಡಿಸಲು ಹಾಕಿದ್ದನ್ನು ಪತ್ರಿಕೆಗಳಲ್ಲಿ ಓದಿದೆವು. ಹೊರಟು ಎಷ್ಟು ವರ್ಷವಾದರೂ ಅವರ ಸಂಕಲ್ಪ ಹಿಂದಿರುಗುವುದೇ ಆಗಿತ್ತು. ‘ವಲಸೆ’ ಎಂಬ ಒಂದೇ ಪದವನ್ನು ಬೆಂಗಳೂರಿಗೆ ಹೊರಟ ಪದವೀಧರನಿಗೂ ಹಾಡಿಯಿಂದ ಎಬ್ಬಿಸಲ್ಪಟ್ಟ ಅಜ್ಜಿಗೂ ಬಳಸುವಾಗ ನಾವು ಒಂದು ಕ್ಷಣ ನಿಲ್ಲಬೇಕು. ಒಬ್ಬನನ್ನು ಅವನ ಆಸೆ ಕರೆದೊಯ್ಯಿತು. ಇನ್ನೊಬ್ಬಳ ಆಸೆಯನ್ನು ಯಾರೂ ಕೇಳಲಿಲ್ಲ.

ನೆಲದ ಒಡೆತನ, ಹೊಗೆಸೊಪ್ಪಿನ ಬಂಧನ

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸು 1972ರಲ್ಲಿ ಮುಖ್ಯಮಂತ್ರಿಗಳಾದರು. ಅವರ ಸರ್ಕಾರ ತಂದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ಏಳನೆಯ ನಮೂನೆಯ ಅರ್ಜಿ ಹಿಡಿದು ಭೂನ್ಯಾಯಮಂಡಳಿಗಳ ಮುಂದೆ ನಿಂತರು. ಜೀತವನ್ನು ರದ್ದುಪಡಿಸುವ ಕೇಂದ್ರದ ಸುಗ್ರೀವಾಜ್ಞೆ ಬಂದದ್ದು 1975ರಲ್ಲಿ. ಪಹಣಿಯಲ್ಲಿ ತನ್ನ ಹೆಸರು ಬಂದವನಿಗೆ ಊರಿನಲ್ಲಿ ನಿಲ್ಲಲು ಒಂದು ಕಾರಣ ಸಿಕ್ಕಿತು. ಅಷ್ಟೇ ಅಲ್ಲ, ಮಗನನ್ನು ಶಾಲೆಗೆ ಕಳುಹಿಸುವ ಧೈರ್ಯವೂ ಬಂತು. ಆ ಮಗ ಓದಿ ಪಟ್ಟಣದ ನೌಕರಿ ಹಿಡಿದ! ತಂದೆಯನ್ನು ಊರಿನಲ್ಲಿ ನಿಲ್ಲಿಸಿದ ಭೂಮಿಯೇ ಮಗನನ್ನು ಊರು ದಾಟಿಸಿತು. ಅತಿ ಬಡವರಿಗಿಂತ ಒಂದು ಮೆಟ್ಟಿಲು ಮೇಲಿದ್ದವರೇ ಮೊದಲು ಹೊರಟದ್ದೇಕೆ ಎಂಬ ಒಗಟಿಗೆ ಇಲ್ಲಿ ಅರ್ಧ ಉತ್ತರವಿದೆ. ಹೊರಡಲು ಬಸ್ಸಿನ ದುಡ್ಡು ಬೇಕು, ಓದು ಬೇಕು, ಸೋತರೆ ಮರಳಲು ಒಂದು ಸೂರು ಬೇಕು. ನಾರ್ವೆಯ ವಿದ್ವಾಂಸ ಯೋರ್ಗನ್ ಕಾರ್ಲಿಂಗ್ 2002ರಲ್ಲಿ ಇದನ್ನೇ ಶಾಸ್ತ್ರೀಯವಾಗಿ ವಿವರಿಸಿದರು: ವಲಸೆಯ ಆಸೆ ಬೇರೆ, ವಲಸೆ ಹೋಗುವ ಸಾಮರ್ಥ್ಯ ಬೇರೆ. ಆಸೆಯಿದ್ದೂ ಸಾಮರ್ಥ್ಯವಿಲ್ಲದೆ ಉಳಿದವರು ಪ್ರತಿ ಊರಿನಲ್ಲೂ ಇದ್ದಾರೆ. ಅವರನ್ನು ‘ಊರಿನ ಮೇಲೆ ಪ್ರೀತಿಯಿದ್ದವರು’ ಎಂದು ನಾವು ತಪ್ಪಾಗಿ ತಿಳಿಯುತ್ತೇವೆ.

ಉಳಿದವರನ್ನು ಹಿಡಿದಿಟ್ಟ ಮತ್ತೊಂದು ಶಕ್ತಿ ಹೊಗೆಸೊಪ್ಪು. ಹುಣಸೂರು, ಪಿರಿಯಾಪಟ್ಟಣದ ಹಗುರ ಮಣ್ಣು, ಮುಂಗಾರಿನ ಹದ ಮಳೆ ವರ್ಜೀನಿಯಾ ತಂಬಾಕಿಗೆ ಒಗ್ಗಿತು. 1976ರಲ್ಲಿ ತಂಬಾಕು ಮಂಡಳಿ ಸ್ಥಾಪನೆಯಾಗಿ, 1984ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿ ಬಂತು. ಮಳೆಯಾಶ್ರಿತ ಹೊಲದಲ್ಲಿ ಇಷ್ಟು ನಗದು ತರುವ ಬೆಳೆ ಬೇರೊಂದಿರಲಿಲ್ಲ. ಸಸಿಮಡಿಯಿಂದ ಹಿಡಿದು ನಾಟಿ, ಎಲೆ ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್‌ನಲ್ಲಿ ರಾತ್ರಿಯಿಡೀ ಬೆಂಕಿ ಕಾಯುವುದು, ಬೇಲ್ ಕಟ್ಟಿ ಹರಾಜು ಕಟ್ಟೆಗೆ ಒಯ್ಯುವುದರವರೆಗೆ ಮನೆಮಂದಿಗೆಲ್ಲ ವರ್ಷದ ಬಹುಭಾಗ ಕೆಲಸ. ಆದ್ದರಿಂದ ಇಲ್ಲಿನ ಯುವಕರು ಬಯಲುಸೀಮೆಯ ಇತರ ಕಡೆಗಳಷ್ಟು ಬೇಗ ಊರು ಬಿಡಲಿಲ್ಲ ಎಂದು ನನಗನಿಸುತ್ತದೆ.

ಆದರೆ ಆ ಹಿಡಿತದಲ್ಲಿ ನೋವೂ ಇತ್ತು. ಪರವಾನಗಿ, ಸೌದೆ, ಗೊಬ್ಬರ, ಕೂಲಿ ಎಲ್ಲಕ್ಕೂ ಸಾಲ. ಹರಾಜಿನಲ್ಲಿ ಬೆಲೆ ಬಂದರೆ ಮಗಳ ಮದುವೆ, ಬಾರದಿದ್ದರೆ ಮತ್ತೊಂದು ಸಾಲ. 2015ರಲ್ಲಿ ಬೆಲೆ ಕುಸಿದಾಗ ಈ ಸೀಮೆಯ ಬೆಳೆಗಾರರು ಪ್ರಾಣ ಕಳೆದುಕೊಂಡದ್ದನ್ನು ನಾವು ಮರೆಯಲಾಗದು. ಹೊಗೆಸೊಪ್ಪಿನ ಬೇಡಿಕೆಯನ್ನು ತಗ್ಗಿಸುವ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಂದಕ್ಕೆ ಭಾರತ 2004ರಲ್ಲೇ ಒಪ್ಪಿಗೆ ನೀಡಿದೆ. ಆರೋಗ್ಯದ ದೃಷ್ಟಿಯಿಂದ ಅದು ಸರಿಯೇ. ಆದರೆ ಬ್ಯಾರನ್ ಆರಿದ ಮೇಲೆ ಆ ಮನೆಯ ಮಗ ಏನು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಕಡಿಮೆ. ‘ಈ ಕಷ್ಟ ನನ್ನ ಮಗನಿಗೆ ಬೇಡ’ ಎಂದು ತಂದೆಯೇ ಹೇಳುವ ಮನೆಗಳಲ್ಲಿ ವಲಸೆಯ ಸಂಕಲ್ಪ ಮಗನಿಗಿಂತ ಮೊದಲು ತಂದೆಯಲ್ಲಿ ಹುಟ್ಟಿರುತ್ತದೆ.

ಬಂದವರೂ ಇದ್ದಾರೆ

ಹೋದವರ ಲೆಕ್ಕವನ್ನು ಮಾತ್ರ ಬರೆದರೆ ಈ ಸೀಮೆಗೆ ಅನ್ಯಾಯವಾದೀತು. 1960ರ ಹೊತ್ತಿಗೆ ದೇಶ ಕಳೆದುಕೊಂಡ ಟಿಬೆಟಿಯನ್ನರಿಗೆ ಮೈಸೂರು ರಾಜ್ಯ ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ನೆಲ ನೀಡಿತು. 1969ರಲ್ಲಿ ಅಲ್ಲೇ ಎರಡನೆಯ ನೆಲೆ, 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಮತ್ತೊಂದು. ಹಿಮದ ನಾಡಿನವರು ಕಾಡು ಕಡಿದು ಜೋಳ ಬಿತ್ತಿ, ಚಳಿಗಾಲದಲ್ಲಿ ದೇಶದ ನಗರಗಳಿಗೆ ಹೋಗಿ ಸ್ವೆಟರ್ ಮಾರಿ ಬದುಕು ಕಟ್ಟಿದರು. ಇಂದು ಅವರ ಮಕ್ಕಳು ಬೆಂಗಳೂರಿಗೆ, ಯುರೋಪಿಗೆ, ಅಮೆರಿಕಕ್ಕೆ ಹೊರಡುತ್ತಿದ್ದಾರೆ. ಹಿರಿಯರು ಮನೆ ಕಾಯುತ್ತಿದ್ದಾರೆ. ನಮ್ಮ ತಾಯಂದಿರ ಚಿಂತೆಯೂ ಆ ಶಿಬಿರಗಳ ಅಜ್ಜಿಯರ ಚಿಂತೆಯೂ ಒಂದೇ.

ಇತ್ತೀಚಿನ ದಶಕಗಳಲ್ಲಿ ಕೇರಳದ ಕಡೆಯಿಂದ ಶುಂಠಿ ಬೆಳೆಗಾರರು ಬಂದರು. ಹೆಗ್ಗಡದೇವನಕೋಟೆ, ಹುಣಸೂರಿನ ಹೊಲಗಳನ್ನು ಗುತ್ತಿಗೆಗೆ ಹಿಡಿದರು. ಮಳೆಗೆ ಕಾಯುವ ರೈತನಿಗೆ ಒಮ್ಮೆಲೇ ಸಿಗುವ ಗುತ್ತಿಗೆಯ ಹಣ ದೊಡ್ಡದು. ಕೆಲವರು ಆ ಹಣದಲ್ಲಿ ಸಾಲ ತೀರಿಸಿದರು, ಕೆಲವರು ತಮ್ಮ ಹೊಲದಲ್ಲೇ ಕೂಲಿಗೆ ನಿಂತರು, ಕೆಲವರು ಪಟ್ಟಣದ ದಾರಿ ಹಿಡಿದರು. ಇತ್ತ ಕೊಡಗಿನ ಲೈನ್ ಮನೆಗಳಲ್ಲಿ ನಮ್ಮ ಸೀಮೆಯವರ ಜಾಗಕ್ಕೆ ಅಸ್ಸಾಂ, ಬಂಗಾಳದ ಕಡೆಯ ಕೂಲಿಗಳು ಬಂದಿದ್ದಾರೆ. 1885ರಲ್ಲಿ ರೇವನ್‌ಸ್ಟೈನ್ ಎಂಬ ಭೂಗೋಳಜ್ಞ ಇಂಗ್ಲೆಂಡಿನ ಜನಗಣತಿಯನ್ನು ನೋಡಿ ಬರೆದ ಮಾತು ಹೀಗೆ ನಮ್ಮಲ್ಲೂ ನಿಜವಾಗಿದೆ: ಹೆಚ್ಚಿನವರು ಹೋಗುವುದು ಹತ್ತಿರದ ಊರಿಗೆ, ಅವರು ಬಿಟ್ಟ ಜಾಗವನ್ನು ತುಂಬಲು ಇನ್ನೂ ದೂರದವರು ಬರುತ್ತಾರೆ.

ಅವರು ಹೇಳಿದ ಇನ್ನೊಂದು ಮಾತೂ ಇದೆ: ಹತ್ತಿರದ ವಲಸೆಯಲ್ಲಿ ಹೆಂಗಸರದೇ ಹೆಚ್ಚಿನ ಸಂಖ್ಯೆ. ನಮ್ಮ ದೇಶದ ಜನಗಣತಿಯಲ್ಲೂ ಹೆಂಗಸರ ವಲಸೆಗೆ ಅತಿ ದೊಡ್ಡ ಕಾರಣ ಮದುವೆ. ನಮ್ಮ ಮನೆಗಳ ತಾಯಂದಿರಲ್ಲಿ ಬಹುಪಾಲು ಎಲ್ಲರೂ ಹುಟ್ಟಿದ ಊರು ಬಿಟ್ಟು ಬಂದವರೇ. ಅದನ್ನು ನಾವು ವಲಸೆ ಎನ್ನಲಿಲ್ಲ. ಅವರ ಇಷ್ಟವನ್ನೂ ಹೆಚ್ಚಾಗಿ ಕೇಳಲಿಲ್ಲ. ಈಗ ಅವರ ಹೆಣ್ಣುಮಕ್ಕಳು ಓದಿದ್ದಾರೆ, ತಮ್ಮ ಇಷ್ಟವನ್ನು ಬಾಯಿಬಿಟ್ಟು ಹೇಳುತ್ತಾರೆ. ಹೊಗೆಸೊಪ್ಪು ಕಟ್ಟಿ ಕೈ ಕಪ್ಪಾದ ತಾಯಿಯೇ ‘ನೀನು ಹೊಲದ ಮನೆಗೆ ಹೋಗಬೇಡ ಮಗಳೇ’ ಎನ್ನುತ್ತಾಳೆ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ಯುವಕರು, ಹೆಚ್ಚಿನವರು ರೈತರು, ಕನ್ಯೆ ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಾಗ ಹಲವರು ನಕ್ಕರು. ನಗುವ ಮಾತಲ್ಲ. ಕಚೇರಿಯಲ್ಲಿ ಆ ತಾಯಿ ನನ್ನೆದುರು ಇಟ್ಟ ಪ್ರಶ್ನೆಯೂ ಇದೇ. ಊರಿನಲ್ಲಿ ದುಡಿಮೆ ಇಲ್ಲವೆಂದಲ್ಲ. ಊರಿನ ದುಡಿಮೆಗೆ ಗೌರವ ಇಲ್ಲವೆಂದು ಅವರ ಮಗ ಹೊರಡುತ್ತಿದ್ದಾನೆ.

ನಡುವಿನ ದಾರಿ

ಹಿಂದಿನ ತಲೆಮಾರಿಗೆ ಮೈಸೂರು ಒಂದು ನಡುವಿನ ದಾರಿಯಾಗಿತ್ತು. 1960ರ ದಶಕದ ಆರಂಭದಿಂದ 1996ರಲ್ಲಿ ಮುಚ್ಚುವವರೆಗೆ ಐಡಿಯಲ್ ಜಾವಾ ಕಾರ್ಖಾನೆ, ಹಾಗೆಯೇ ಅಲ್ಲಿನ ಗಿರಣಿಗಳು, ಟೈರು ಕಾರ್ಖಾನೆ ಕೆಲಸ ಕೊಟ್ಟವು. ಕೃಷ್ಣರಾಜನಗರದಿಂದ ಬೆಳಗಿನ ರೈಲು ಹತ್ತಿ ಸಂಜೆ ಮನೆ ಸೇರುವವರು ಊರನ್ನೂ ಬಿಡಲಿಲ್ಲ, ಪಟ್ಟಣದ ಸಂಬಳವನ್ನೂ ಕಳೆದುಕೊಳ್ಳಲಿಲ್ಲ. 2011ರ ಜನಗಣತಿಯ ಪ್ರಕಾರ ಮೈಸೂರು ಜಿಲ್ಲೆಯ 30,01,127 ಜನರಲ್ಲಿ ಶೇಕಡಾ 41ಕ್ಕೂ ಹೆಚ್ಚು ಮಂದಿ ಪಟ್ಟಣವಾಸಿಗಳು. 2023ರ ಜೂನ್‌ನಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ದೊರೆತ ಮೇಲೆ ಬೆಳಗಿನ ಬಸ್ಸುಗಳಲ್ಲಿ ಕೆಲಸಕ್ಕೆ ಹೊರಟ ಹೆಣ್ಣುಮಕ್ಕಳನ್ನು ನಾನು ನೋಡುತ್ತಿರುತ್ತೇನೆ. ಒಂದು ಬಸ್ಸು ಸರಿಯಾದ ಹೊತ್ತಿಗೆ ಬಂದರೆ ಒಂದು ಮನೆ ಊರಿನಲ್ಲಿ ಉಳಿಯುತ್ತದೆ. ಹೆಗ್ಗಡದೇವನಕೋಟೆಯ ಕಾಡಂಚಿನ ಊರುಗಳಿಗೆ ಆ ಅನುಕೂಲ ಅಷ್ಟು ಸುಲಭವಲ್ಲ. ಅಲ್ಲಿನವರಿಗೆ ಇರುವುದು ಎರಡೇ ಆಯ್ಕೆ, ಪೂರ್ತಿ ಇರುವುದು ಅಥವಾ ಪೂರ್ತಿ ಹೋಗುವುದು.

2020ರ ಮಾರ್ಚ್ 25ರಂದು ದೇಶ ಬಾಗಿಲು ಮುಚ್ಚಿದಾಗ ಹೋದವರು ಮರಳಿ ಬಂದರು. ಎಷ್ಟೋ ಮನೆಗಳ ಜಗಲಿ ಮತ್ತೆ ತುಂಬಿತು. ಬೀಳುಬಿದ್ದ ಹೊಲಗಳಲ್ಲಿ ನೇಗಿಲು ಆಡಿತು. ‘ಇನ್ನು ಹೋಗುವುದಿಲ್ಲ’ ಎಂದವರೇ ಬಾಗಿಲು ತೆರೆದ ಮೇಲೆ ಒಬ್ಬೊಬ್ಬರಾಗಿ ಹೊರಟರು. ಅವರು ಸುಳ್ಳು ಹೇಳಿದ್ದಲ್ಲ. ಇರುವ ಆಸೆಗೆ ಊರಿನಲ್ಲಿ ಆಸರೆ ಸಿಗಲಿಲ್ಲ, ಅಷ್ಟೆ.

ಇರುವ ಹಕ್ಕು

ಈ ವಿಷಯದಲ್ಲಿ ಧರ್ಮಸಭೆಯ ಬೋಧನೆಯೂ ಒಂದು ಬೆಳಕು ನೀಡುತ್ತದೆ. ದಿವಂಗತ ಜಗದ್ಗುರು ಫ್ರಾನ್ಸಿಸ್ ಅವರು 2023ರ ವಲಸಿಗರ ದಿನಕ್ಕಾಗಿ ನೀಡಿದ ಸಂದೇಶದ ವಿಷಯವೇ, ಹೋಗುವುದೋ ಇರುವುದೋ ಎಂಬುದನ್ನು ಸ್ವತಂತ್ರವಾಗಿ ಆರಿಸಿಕೊಳ್ಳುವ ಹಕ್ಕು. ವಲಸೆ ಹೋಗುವ ಹಕ್ಕಿಗಿಂತ ಮೊದಲು, ವಲಸೆ ಹೋಗದೆ ಘನತೆಯಿಂದ ಬಾಳುವ ಹಕ್ಕು ಮನುಷ್ಯನಿಗಿದೆ. ಕಿತ್ತೂರಿನ ಒಕ್ಕಲಿಗೆ, ಹಾಡಿಯ ಜೇನುಕುರುಬನಿಗೆ, ಮುಂಗಡಕ್ಕೆ ಸಿಕ್ಕಿದ ಕೂಲಿಗೆ ಇಲ್ಲವಾದದ್ದು ಆ ಆಯ್ಕೆಯೇ. ನಮ್ಮ ಮಕ್ಕಳು ಹೋಗುವುದು ತಪ್ಪಲ್ಲ. ಹೋಗದೆ ಬೇರೆ ದಾರಿಯಿಲ್ಲ ಎಂದು ಹೋಗುವಂತಾದರೆ ಅದು ನಾವೆಲ್ಲರೂ ಸೇರಿ ಮಾಡಿದ ತಪ್ಪು.

ಪ್ರತಿವರ್ಷ ಜೂನ್ 13ರಂದು ಕೃಷ್ಣರಾಜನಗರ ತಾಲ್ಲೂಕಿನ ದೋರನಹಳ್ಳಿಗೆ ಜನ ಹರಿದುಬರುತ್ತಾರೆ. ಉಳುತ್ತಿದ್ದ ರೈತನೊಬ್ಬನ ನೇಗಿಲಿಗೆ ಸಂತ ಅಂತೋಣಿಯವರ ಪ್ರತಿಮೆ ಸಿಕ್ಕಿತೆಂಬುದು ಅಲ್ಲಿನ ಪರಂಪರೆಯ ಕಥೆ. 2019ರಲ್ಲಿ ಆ ದೇವಾಲಯ ಬೆಸಿಲಿಕಾ ಆಯಿತು. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತರು ಅವರು. ಆ ದಿನ ಬೆಂಗಳೂರಿನಿಂದ, ಮೈಸೂರಿನಿಂದ ಬಂದ ಮಕ್ಕಳು ಬಲಿಪೂಜೆ ಮುಗಿಸಿ, ಹಳ್ಳಿಯ ಮನೆಗೂ ಹೋಗಿ ಒಂದು ರಾತ್ರಿ ಇದ್ದು ಹೋಗುತ್ತಾರೆ. ಕಳೆದ ಹಬ್ಬದಲ್ಲಿ ಆ ತಾಯಿ ಸಿಕ್ಕರು. ಜೊತೆಯಲ್ಲಿ ಮಗನೂ ಇದ್ದ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾನೆ. ತಿಂಗಳಿಗೊಮ್ಮೆ ಬರುತ್ತಾನಂತೆ.

“ಹೊಲ ಏನು ಮಾಡಿದಿರಮ್ಮ?” ಎಂದೆ.

“ಗುತ್ತಿಗೆಗೆ ಕೇಳಿದ್ರು ಸ್ವಾಮಿ. ಕೊಡ್ಲಿಲ್ಲ. ನಾವೇ ಒಂದಿಷ್ಟು ರಾಗಿ ಹಾಕಿವಿ. ಅವ್ನು ಬಂದ್ರೆ ಇರ್ಲಿ ಅಂತ.”

ಅಂದು ಅವರಿಗೆ ಕೊಡಲಾಗದ ಉತ್ತರವನ್ನು ಅವರೇ ಕಂಡುಕೊಂಡಿದ್ದರು. ಮಗನಿಗೆ ಹೋಗು ಎಂದೂ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ. ಅವನು ಮರಳುವುದಾದರೆ ಒಂದು ಹೊಲವನ್ನು ಹಸಿರಾಗಿ ಇಟ್ಟುಕೊಂಡಿದ್ದಾರೆ. ಒಂದು ಕುಟುಂಬ ಮಾಡಬಹುದಾದದ್ದು ಅಷ್ಟು. ಉಳಿದ ಮಕ್ಕಳ ಪಾಲಿಗೆ ಊರಿನ ಶಾಲೆ, ಆಸ್ಪತ್ರೆ, ಬೆಳಗಿನ ಬಸ್ಸು, ಬೆಳೆಗೆ ತಕ್ಕ ಬೆಲೆ, ರೈತನ ಮನೆಗೆ ಹೆಣ್ಣು ಕೊಡುವ ಮನಸ್ಸು, ಇವುಗಳನ್ನು ಹಸಿರಾಗಿ ಇಡಬೇಕಾದವರು ಯಾರು? ಪ್ರಿಯ ಓದುಗರೇ, ಮುಂದಿನ ಭಾನುವಾರ ಚರ್ಚಿನ ಅಂಗಳದಲ್ಲಿ ಸೇರಿದಾಗ ನಾವು ಮಾತನಾಡಿಕೊಳ್ಳಬೇಕಾದ ವಿಷಯವಿದು. ಷರಾ ಅಂಕಣದಲ್ಲಿ ಇನ್ನೂ ಖಾಲಿ ಜಾಗವಿದೆ.